ಕಂಪ್ಯೂಟರ್ ಟೆಂಡರ್ ಬಂದರೂ ಎರಡೇ ರೇಟು ಯಾಕೆ?

ಪ್ರಶ್ನೆ (ಮೆಕ್ಕೆಜೋಳ ಬೆಳೆಗಾರ, ರಾಣೆಬೆನ್ನೂರು ಕಡೆ):
ಸರ್, ನಮಸ್ಕಾರ. ಎಪಿಎಂಸಿಯೊಳಗ ಈಗ ಎಲ್ಲಾ ಆನ್‌ಲೈನ್ ಟೆಂಡರ್. ಯಾವ ಊರಿನ ವ್ಯಾಪಾರಿ ಬೇಕಾದ್ರೂ ರೇಟ್ ಹಾಕಬಹುದು, ಪೈಪೋಟಿ ಹೆಚ್ಚಾಗತೈತಿ ಅಂದಿದ್ರು. ಹೋದ ವಾರ ನಮ್ಮ ರಾಶಿಗೆ ಬಂದಿದ್ದು ಎರಡೇ ರೇಟು, ನಡುವೆ ಹತ್ತು ರೂಪಾಯಿ ಫರಕು. ಹಂಗಾದ್ರ ಬದಲಾಗಿದ್ದೇನ್ರಿ?

ಉತ್ತರ (ನಿವೃತ್ತ ಎಪಿಎಂಸಿ ಕಾರ್ಯದರ್ಶಿ):
ಬದಲಾಗಿದ್ದು ಇದೆ, ಆದರೆ ಅರ್ಧ ಮಾತ್ರ. ಮೊದಲು ವ್ಯಾಪಾರಿಗಳು ಚೀಟಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. ಯಾರು ಎಷ್ಟು ಬರೆದರು ಎನ್ನುವುದು ಅಂಗಳದಲ್ಲಿ ಗುಟ್ಟಾಗಿ ಉಳಿಯುತ್ತಿದ್ದದ್ದು ಅಪರೂಪ. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ, ಅಂದರೆ ರಾಜ್ಯದ ಮಾರುಕಟ್ಟೆಗಳನ್ನು ಜೋಡಿಸುವ ಈ ಆನ್‌ಲೈನ್ ಟೆಂಡರ್ ವ್ಯವಸ್ಥೆ, ಶುರುವಾದ ಮೇಲೆ ಸಮಯ ಮುಗಿಯುವವರೆಗೂ ಒಬ್ಬರ ರೇಟು ಇನ್ನೊಬ್ಬರಿಗೆ ಕಾಣಲ್ಲ. ಒಂದೇ ಲೈಸೆನ್ಸಿನಲ್ಲಿ ಬೇರೆ ಮಾರುಕಟ್ಟೆಯಲ್ಲೂ ಕೊಳ್ಳಬಹುದು.

ಇದರಿಂದ ಲಾಭ ಆಗಿದೆ. 2020ರಲ್ಲಿ ಹೊರಬಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದ ಪ್ರಕಾರ ಭತ್ತಕ್ಕೆ ಶೇ. 5.1, ಶೇಂಗಾಕ್ಕೆ ಶೇ. 3.6, ನಿಮ್ಮ ಮೆಕ್ಕೆಜೋಳಕ್ಕೆ ಶೇ. 3.5ರಷ್ಟು ಬೆಲೆ ಏರಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ತಂತ್ರಾಂಶ, ಬೇರೆ ಬೇರೆ ಫಲ.

ಯಾಕೆ ಅಂತೀರಾ? ನಿಮ್ಮ ರಾಶಿಯ ಮುಂದೆ ನಿಂತ ವ್ಯಾಪಾರಿ ಮೊಣಕೈವರೆಗೆ ಕೈ ಹಾಕಿ ಒಳಗಿನ ಹಿಡಿ ತೆಗೆಯುತ್ತಾನೆ, ಮೂಸುತ್ತಾನೆ, ಒಂದು ಕಾಳು ಕಚ್ಚಿ ತೇವ ನೋಡುತ್ತಾನೆ. ದಾವಣಗೆರೆಯಲ್ಲಿ ಕೂತವನಿಗೆ ಪರದೆ ಮೇಲೆ ಸಿಗುವುದು ಲಾಟ್ (ಟೆಂಡರಿಗಿಟ್ಟ ರಾಶಿ) ನಂಬರು, ಚೀಲದ ಲೆಕ್ಕ. ತೇವಾಂಶ, ಕಸ, ಕಾಳಿನ ಗಾತ್ರ ಪರೀಕ್ಷಿಸಿ ಅದರ ಫಲಿತಾಂಶ ಲಾಟಿನ ಜೊತೆ ಹಾಕದಿದ್ದರೆ ಅವನು ಯಾವ ಧೈರ್ಯದ ಮೇಲೆ ರೇಟು ಹಾಕಬೇಕು? ಹಾಗಾಗಿ ಟೆಂಡರ್ ಆನ್‌ಲೈನ್ ಆದರೂ ಖರೀದಿದಾರರು ಹಳೆಯ ನಾಲ್ಕೈದು ಜನರೇ. ಅಷ್ಟು ಜನ ದಿನಾ ಒಂದೇ ಕಡೆ ಚಹಾ ಕುಡಿಯುವವರಾದರೆ ಗುಪ್ತ ಟೆಂಡರ್ ಕೂಡ ಪೂರ್ತಿ ಗುಪ್ತವಲ್ಲ.

ಅದಕ್ಕೇ ನಾನು ಯಾವ ಮಾರುಕಟ್ಟೆಗೆ ಹೋದರೂ ಮೊದಲು ಕೇಳುವುದು ಒಂದು ಲಾಟಿಗೆ ಎಷ್ಟು ಜನ ರೇಟು ಹಾಕಿದರು ಅಂತ. ನಿಮ್ಮ ಲಾಟಿಗೆ ಪರೀಕ್ಷೆ ಮಾಡಿಸಿ ಎಂದು ಬರವಣಿಗೆಯಲ್ಲೇ ಕೇಳಿ. ಚೆನ್ನಾಗಿ ಒಣಗಿಸಿ, ತೂರಿಸಿ ತನ್ನಿ. ರೇಟು ಒಪ್ಪದಿದ್ದರೆ ಬೇಡ ಅನ್ನುವ ಹಕ್ಕು ನಿಮಗಿದೆ.

ಮರುಪ್ರಶ್ನೆ:
ಬ್ಯಾಡ ಅನ್ನಾಕ ಆಗಂಗಿಲ್ರಿ ಸರ್. ಬೀಜ, ಗೊಬ್ಬರಕ್ಕ ದಲ್ಲಾಳಿ ಕಡೆನೇ ಸಾಲ ತಂದೀನಿ. ರಾಶಿ ಅವರ ಅಂಗಡಿ ಮುಂದನೇ ಇಳಿಸಬೇಕು.

ಉತ್ತರ:
ಇದನ್ನು ಮೊದಲೇ ಹೇಳಬೇಕಿತ್ತು ನೀವು. ಕಂಪ್ಯೂಟರ್ ಬಿಡಿಸಲಾಗದ ಗಂಟು ಇದೇ. ಮಾಲು ಮಾರುವ ಮೊದಲೇ ಮಾರುವ ಜಾಗ ತೀರ್ಮಾನವಾಗಿಬಿಟ್ಟರೆ ನೂರು ಊರಿನ ವ್ಯಾಪಾರಿಗಳು ಲಾಗಿನ್ ಆಗಿದ್ದರೂ ನಿಮಗೆ ಪ್ರಯೋಜನ ಕಡಿಮೆ. ಮುಂದಿನ ಹಂಗಾಮಿಗೆ ಬೀಜ, ಗೊಬ್ಬರದ ಸಾಲವನ್ನು ನಿಮ್ಮ ಪ್ರಾಥಮಿಕ ಸಹಕಾರ ಸಂಘದಿಂದ ಎತ್ತಲು ಈಗಲೇ ಅರ್ಜಿ ಹಾಕಿ. ಸುಗ್ಗಿಯಲ್ಲಿ ರೇಟು ಬಿದ್ದರೆ ಮಾಲು ಉಗ್ರಾಣದಲ್ಲಿಟ್ಟು ರಶೀದಿ ಮೇಲೆ ಅಡಮಾನ ಸಾಲ ಸಿಗುತ್ತದಾ ಅಂತ ಎಪಿಎಂಸಿ ಕಚೇರಿಯಲ್ಲಿ ವಿಚಾರಿಸಿ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಒಯ್ಯಿರಿ. ಏನಂದರು ಅಂತ ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.