ಎಸ್‌ಟಿಪಿ ಟ್ಯಾಂಕ್ ಕ್ಲೀನಿಂಗ್: ಶನಿವಾರದ ಸಭೆಗೆ ಮುಂಚೆ ಒಂದಿಷ್ಟು ಓದಿಕೊಳ್ಳೋಣ

ಸುಮಾ, ಬಿ-704
ನಮ್ಮ ಕನ್ನಡ ಗುಂಪಿನವರಿಗೆಲ್ಲ ನಮಸ್ಕಾರ. ಶನಿವಾರ ಸೊಸೈಟಿ ಸಭೆಯಲ್ಲಿ ಎಸ್‌ಟಿಪಿ ಕಲೆಕ್ಷನ್ ಟ್ಯಾಂಕ್ (ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಆ ನೀರು ಮೊದಲು ಬಂದು ಸೇರುವ ತೊಟ್ಟಿ) ವಿಷಯ ಬರುತ್ತದೆ. ಕೊಟೇಶನ್ ಎರಡು ಬಂದಿವೆ. ಒಂದು 18,000, ಇನ್ನೊಂದು 64,000. ಕಮಿಟಿಯವರ ಮನಸ್ಸು ಮೊದಲನೆಯದರ ಮೇಲಿದೆ. ಅದನ್ನು ಪೂರ್ತಿ ಓದಿದೆ. ಕೊನೆಯಲ್ಲಿ ಒಂದು ಸಾಲು: '4 ಹುಡುಗರು, ಬಕೆಟ್, ಹಗ್ಗ, ಒಂದು ರಾತ್ರಿ.' ಮಷಿನ್ ಹೆಸರೇ ಇಲ್ಲ. ಜನರನ್ನು ಒಳಗೆ ಇಳಿಸುತ್ತಾರೆ ಅಂತಲೇ ಅರ್ಥ ಅಲ್ವಾ?
ಸಭೆಯಲ್ಲಿ ಎದ್ದು ಸುಮ್ನೆ 'ಬೇಡ' ಅಂದರೆ ಯಾರೂ ಕೇಳುವುದಿಲ್ಲ. ಹಿನ್ನೆಲೆ ಎಲ್ಲ ಕೂಡಿಸಿ ಒಂದು ಪುಟ ಮಾಡಿ ಮುಂದಿಡೋಣ. ಯಾರಿಗೆ ಏನು ಗೊತ್ತೋ ಇಲ್ಲಿ ಹಾಕಿ.

ಬಸವರಾಜ, ಎ-302
ಅಕ್ಕಾರ, ನಿನ್ನೆ ನಾನೂ ಬೇಸ್‌ಮೆಂಟಿಗೆ ಹೋಗಿದ್ದೆ. ಮುಚ್ಚಳ ಅರ್ಧ ಸರಿಸಿಟ್ಟಿದ್ದರು. ಮೊದಲು ಕೊಳೆತ ಮೊಟ್ಟೆ ವಾಸನೆ ಗಪ್ಪನೆ ಹೊಡೆಯಿತು. ಸ್ವಲ್ಪ ಹೊತ್ತು ನಿಂತ ಮೇಲೆ ಏನೂ ಇಲ್ಲ. ಗ್ಯಾಸ್ ಅಷ್ಟೇನೂ ಇಲ್ಲ ಅನಿಸ್ತದ ನೋಡ್ರಿ.

ರಾಘು, ಸಿ-1101
ಬಸಣ್ಣ, ದಯವಿಟ್ಟು ಇನ್ನೊಮ್ಮೆ ಅಲ್ಲಿ ನಿಲ್ಲಬೇಡಿ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ನಿಮ್ಮ ಮೂಗು ಸೋತಿದೆ ಅಂತ. ಅದು ಹೈಡ್ರೋಜನ್ ಸಲ್ಫೈಡ್. ಕಡಿಮೆ ಇದ್ದಾಗಲೂ ಹೊತ್ತು ಕಳೆದಂತೆ ಮೂಗಿಗೆ ರೂಢಿಯಾಗಿಬಿಡುತ್ತದೆ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಆಸುಪಾಸಿಗೆ ಬಂದರೆ ವಾಸನೆಯೇ ತಿಳಿಯದ ಹಾಗಾಗುತ್ತದೆ. 700 ದಾಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿದುಬಿಡಬಹುದು. ಗಾಳಿಗಿಂತ ಭಾರ, ಹಾಗಾಗಿ ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ.
ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಇಂಥ ಟ್ಯಾಂಕಿನ ಮುಚ್ಚಳ ತೆಗೆಯುವ ಮುಂಚೆ ಮೀಟರ್ ಇಳಿಬಿಟ್ಟು ನೋಡುತ್ತೇವೆ. ಆಕ್ಸಿಜನ್ 19.5 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಒಳಗೆ ಯಾರಿಗೂ ಪ್ರವೇಶವಿಲ್ಲ. ಆದರೆ ಮೇಲಿನಿಂದ ಮೀಟರ್ ಸರಿ ತೋರಿಸಿತು ಅಂತಲೂ ನಂಬುವ ಹಾಗಿಲ್ಲ. ರಾಡಿ ತಣ್ಣಗೆ ಕೂತಿರುತ್ತದೆ. ಕಾಲಿಟ್ಟು ಕಲಕಿದ ಕೂಡಲೇ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಟ್ಟಿಗೇ ಮೇಲೇಳುತ್ತದೆ. ಒಬ್ಬ ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಒಂದೇ ಟ್ಯಾಂಕಿನಲ್ಲಿ ಮೂವರು, ನಾಲ್ವರು ಸತ್ತರು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಹೆಚ್ಚಿನ ಸಲ ಆಗಿರುವುದು ಹೀಗೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಕರ್ಚೀಫ್ ಒದ್ದೆಯಾಗುತ್ತದೆ, ಅಷ್ಟೇ.

ಸುಮಾ, ಬಿ-704
ರಾಘು, ಇದು ಪುಟದ ಮೊದಲಿಗೇ ಬರಲಿ. ಜೊತೆಗೆ ಇನ್ನೊಂದು. ಬೇಸ್‌ಮೆಂಟಿನಲ್ಲಿ ಕೂರುವ ವಾಚ್‌ಮನ್ ಮಾಮಾ ಕೈಯಲ್ಲಿ ಬೆಳ್ಳಿ ಉಂಗುರ ಇದೆಯಲ್ಲ, ಕಪ್ಪಗೆ ಇದ್ದಿಲಾಗಿದೆ. ದಿನಾ ಬೂದಿ ಹಚ್ಚಿ ತಿಕ್ಕುತ್ತಾರಂತೆ, ವಾರದೊಳಗೆ ಮತ್ತೆ ಕಪ್ಪು. 'ಶನಿ ಕಾಟ' ಅಂತ ನಗುತ್ತಾರೆ. ಫೋಟೋ ತೆಗೆದಿದ್ದೇನೆ.

ರಾಘು, ಸಿ-1101
ಆ ಗ್ಯಾಸ್ ತಾಗಿದರೆ ಬೆಳ್ಳಿ ಹಾಗೇ ಕಪ್ಪಾಗುತ್ತದೆ. ಫೋಟೋ ಇರಲಿ. ಮಾಮಾನ ಕುರ್ಚಿಯನ್ನು ಮಾತ್ರ ಇವತ್ತೇ ಮೇಲಿನ ಗೇಟಿಗೆ ಹಾಕಿಸಿ.

ಪ್ರಹ್ಲಾದ ಕಾಕಾ, ಎ-105
ಎಲ್ಲ ಸರಿ. ಆದರೆ ಕೆಲಸ ಕೊಡುವುದು ಕಾಂಟ್ರಾಕ್ಟರಿಗೆ. ಏನಾದರೂ ಆದರೆ ಅವನ ತಲೆ ಮೇಲೆ. ಸೊಸೈಟಿಗೇನು ಸಂಬಂಧ?

ಸುಮಾ, ಬಿ-704
ಕಾಕಾ, ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ನೀವೇ ಕೇಳಿದ್ದು ಒಳ್ಳೆಯದಾಯಿತು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಂ ನೋಡಿ. ಗಟಾರಕ್ಕಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಅಪಾಯಕಾರಿಯಾಗಿ ಯಾರನ್ನೂ ಇಳಿಸುವ ಹಾಗಿಲ್ಲ, ನೇರವಾಗಿಯೂ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ಅದು ವ್ಯಕ್ತಿಗೂ ಅನ್ವಯ, ಪಾಲಿಕೆಗೂ ಅನ್ವಯ, ಏಜೆನ್ಸಿಗೂ ಅನ್ವಯ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.
'ಇದು ಎಸ್‌ಟಿಪಿ, ಸೆಪ್ಟಿಕ್ ಟ್ಯಾಂಕ್ ಅಲ್ಲ' ಅಂತ ಯಾರಾದರೂ ಎಳೆಯಬಹುದು. ಕೋರ್ಟಿನ ಕಟಕಟೆಯಲ್ಲಿ ನಿಂತು ಆ ವಾದ ಮಾಡುವ ಆಸೆ ನಮ್ಮ ಸೆಕ್ರೆಟರಿಗೆ ಇದೆಯಾ ಅಂತ ಕೇಳೋಣ.
ಪರಿಹಾರದ ಲೆಕ್ಕವನ್ನೂ ಹಾಕಿದ್ದೇನೆ. 2014ರಲ್ಲಿ ಸುಪ್ರೀಂ ಕೋರ್ಟ್ ಒಂದು ಸಾವಿಗೆ 10 ಲಕ್ಷ ಅಂದಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. 2019ರ ಡಿಸೆಂಬರಿನಲ್ಲಿ ಮುಂಬೈಯ ಗೋವಂಡಿಯ ಒಂದು ಖಾಸಗಿ ಸೊಸೈಟಿಯಲ್ಲಿ ಟ್ಯಾಂಕಿಗೆ ಇಳಿದ ಮೂವರು ಸತ್ತರು. ಪರಿಹಾರಕ್ಕಾಗಿ ಅವರ ಹೆಂಡತಿಯರು ಹೈಕೋರ್ಟಿಗೆ ಹೋಗಬೇಕಾಯಿತು. ದೂರದ ಮಾತೇ ಬೇಡ, 2022ರಲ್ಲಿ ನಮ್ಮ ಪುಣೆಯ ಪಕ್ಕದಲ್ಲೇ ಎರಡು ಸಲ ಹೀಗಾಯಿತು. ಮಾರ್ಚಿನಲ್ಲಿ ಲೋಣಿ ಕಾಳಭೋರ್, ಅಕ್ಟೋಬರಿನಲ್ಲಿ ವಾಘೋಲಿ.

ಪ್ರಹ್ಲಾದ ಕಾಕಾ, ಎ-105
ವಾಘೋಲಿಯದು ನೆನಪಿದೆ. ಅಲ್ಲೂ ನಮ್ಮಂಥದ್ದೇ ಸೊಸೈಟಿ. ಆಯ್ತಮ್ಮ, 18,000ದ ಮಾತು ಬಿಟ್ಟೆ.

ಚೇತನ್, ಡಿ-606
ಕೇರಳದ ಹುಡುಗರು ಮಾಡಿದ ಬ್ಯಾಂಡಿಕೂಟ್ ರೋಬೋಟ್ ಇದೆಯಲ್ಲ, 2018ರಲ್ಲಿ ತಿರುವನಂತಪುರದಲ್ಲಿ ಬಂತು. ಅದನ್ನೇ ತರಿಸಬಹುದಾ? ಒಂದು ಸ್ಲೈಡ್ ಹಾಕಿದರೆ ಸಖತ್ತಾಗಿರುತ್ತದೆ.

ರಾಘು, ಸಿ-1101
ಚೇತು, ಸ್ಲೈಡ್ ಚೆನ್ನಾಗಿರುತ್ತದೆ, ಆದರೆ ಚರ್ಚೆ ಅಲ್ಲಿಗೇ ಜಾರುತ್ತದೆ. ಅದು ರಸ್ತೆಯ ಮ್ಯಾನ್‌ಹೋಲಿಗೆ, ಪಾಲಿಕೆಗಳು ಕೊಳ್ಳುವಂಥದ್ದು. ನಮಗೆ ರಾಡಿ ಹೀರುವ ಸಕ್ಷನ್ ಗಾಡಿ, ಜೋರಾಗಿ ನೀರು ಹೊಡೆದು ತೊಳೆಯುವ ಜೆಟ್ಟಿಂಗ್ ಸಾಕು. 64,000ದ ಕೊಟೇಶನ್‌ನಲ್ಲಿ ಎರಡೂ ಇವೆ.
ಅಸಲು ಕೇಳಬೇಕಾದ ಪ್ರಶ್ನೆ ಬೇರೆ. ಟ್ಯಾಂಕ್ ಇಷ್ಟು ಕೊಳೆತಿದ್ದು ಯಾಕೆ? ಲಾಗ್‌ಬುಕ್ ನೋಡಿದೆ. ಕರೆಂಟ್ ಬಿಲ್ ಉಳಿಸಲು ದೀಪಾವಳಿಯಿಂದ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಬ್ಲೋವರ್ (ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಆಫ್. ಗಾಳಿ ಹೋಗದಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾ ಸೊರಗುತ್ತದೆ, ಗಾಳಿ ಬೇಡದ ಜಾತಿಯದು ಬೆಳೆಯುತ್ತದೆ. ಮೊಟ್ಟೆ ವಾಸನೆ ಮಾಡುವುದು ಅದೇ. ಕಸ ತಡೆಯುವ ಸರಳಿನ ಜಾಲರಿ, ಅಂದರೆ ಬಾರ್ ಸ್ಕ್ರೀನ್‌ನಲ್ಲಿ ವೆಟ್ ವೈಪ್ಸ್ ಜಡೆ ಹೆಣೆದ ಹಾಗೆ ಸಿಕ್ಕಿಕೊಂಡಿವೆ. ಪ್ಯಾಡುಗಳೂ ಇವೆ. ಇದನ್ನೆಲ್ಲ ಹಾಕಿದವರು ಕಾಂಟ್ರಾಕ್ಟರ್ ಅಲ್ಲ, ನಾವೇ.

ಬಸವರಾಜ, ಎ-302
ಬ್ಲೋವರ್ ಬಂದ್ ಮಾಡೋಣ ಅಂದವರಲ್ಲಿ ನಾನೂ ಒಬ್ಬ. ಸಭೆಯಲ್ಲಿ ನಾನೇ ಹೇಳುತ್ತೇನೆ.

ಗೀತಾ, ಸಿ-203
ಸುಮಾ, ಒಂದು ಸಂಶಯ. ನೀನು ಮಾಡಿದ ಪುಟದ ಕರಡಿನಲ್ಲಿ ಜಾತಿಯ ವಿಷಯವೂ ಇದೆ. ಅದು ಬಂದರೆ ಸಭೆ ದಿಕ್ಕು ತಪ್ಪುವುದಿಲ್ಲವಾ?

ಸುಮಾ, ಬಿ-704
ಗೀತಕ್ಕ, ನಾನೂ ಎರಡು ದಿನ ಯೋಚಿಸಿದೆ. ತೆಗೆದೆ, ಮತ್ತೆ ಹಾಕಿದೆ. 2024ರಲ್ಲಿ ಗಟಾರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಕೇಂದ್ರದ ನಮಸ್ತೆ ಯೋಜನೆಯಲ್ಲಿ ಪಟ್ಟಿ ಮಾಡಿದ ಸುಮಾರು 38,000 ಗಟಾರ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರಲ್ಲಿ ಹತ್ತಿರ ಹತ್ತಿರ ನೂರಕ್ಕೆ 92 ಜನ ಪರಿಶಿಷ್ಟರು, ಹಿಂದುಳಿದವರು. ಅದರಲ್ಲೂ ಪರಿಶಿಷ್ಟ ಜಾತಿಯವರೇ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಇದನ್ನು ಬಿಟ್ಟರೆ ನಮ್ಮ ಪುಟ ಬರೀ ಗ್ಯಾಸಿನ ಪಾಠ. '4 ಹುಡುಗರು' ಅಂತ ಹೆಸರಿಲ್ಲದೆ ಬರೆಯಲು ಕಾಂಟ್ರಾಕ್ಟರಿಗೆ ಧೈರ್ಯ ಬರುವುದೇ ಅವರು ಯಾರು ಅಂತ ಎಲ್ಲರಿಗೂ ಗೊತ್ತಿರುವುದರಿಂದ. ಭಾಷಣ ಮಾಡುವುದಿಲ್ಲ. ಒಂದು ಸಾಲು, ಒಂದು ಅಂಕಿ. ಹೆಣದ ಫೋಟೋ, 'ಪಾಪ ಬಡವರು' ಅನ್ನುವ ಮಾತು, ಎರಡೂ ಇರುವುದಿಲ್ಲ.
ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಹೆಸರು ಬೇಕು ಅಂತ ನನಗೆ ಆಸೆ. ಜಾಗ ಉಳಿದರೆ ಮಾತ್ರ.

ಗೀತಾ, ಸಿ-203
ಒಂದು ಸಾಲು ಅಂದರೆ ಇರಲಿ. ಆದರೆ ಆ ಸಾಲು ಬಂದಾಗ ಯಾರಾದರೂ ಗಲಾಟೆ ಎಬ್ಬಿಸಿದರೆ ನೀನೊಬ್ಬಳೇ ನಿಲ್ಲಬೇಡ. ನಾನು ಪಕ್ಕದಲ್ಲಿ ಕೂರುತ್ತೇನೆ.

ಸುಮಾ, ಬಿ-704
ಥ್ಯಾಂಕ್ಸ್ ಗೀತಕ್ಕ. ಹಾಗಾದರೆ ಸಭೆಯಲ್ಲಿ ಕೇಳುವುದು ಮೂರೇ: 64,000ದ ಕೊಟೇಶನ್, ರಾತ್ರಿಯೂ ಬ್ಲೋವರ್, ಒಪ್ಪಂದದಲ್ಲಿ 'ಯಾರೂ ಒಳಗೆ ಇಳಿಯುವಂತಿಲ್ಲ' ಅನ್ನುವ ಸಾಲು. 18,000ದ ಕೊಟೇಶನ್‌ಗಿಂತ ಮನೆಗೆ ಸುಮಾರು 290 ರೂಪಾಯಿ ಜಾಸ್ತಿ ಬೀಳುತ್ತದೆ, ಒಂದೇ ಸಲ. ಮರಾಠಿಗೆ ಯಾರು ಮಾಡಿಕೊಡುತ್ತೀರಿ?

ಪ್ರಹ್ಲಾದ ಕಾಕಾ, ಎ-105
ನನಗೆ ಕೊಡಮ್ಮ. ನಲವತ್ತು ವರ್ಷ ಪುಣೆಯಲ್ಲಿ ಇದ್ದದ್ದಕ್ಕೆ ಇಷ್ಟಾದರೂ ಮಾಡುತ್ತೇನೆ. 'ರಾಡಿ'ಗೆ 'ಗಾಳ' ಅಂತ ಹಾಕಲಾ? ಮತ್ತೆ, ಉಂಗುರದ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸು, ನನಗೆ ಕನ್ನಡಕ ಇದ್ದರೂ ಕಾಣುವುದಿಲ್ಲ.