ಸಹಾಯ ಬೇಕು: ಕ್ಯಾನ್ಸರ್ ಪಿಎಚ್‌ಡಿ ತರಬೇತಿಗೆ ಸ್ಲೈಡ್ ಮತ್ತು ಡಿಎನ್‌ಎ ದತ್ತಾಂಶ

ನಮಸ್ಕಾರ. ಜೀವಶಾಸ್ತ್ರ, ಕಂಪ್ಯೂಟರ್, ಪೆಥಾಲಜಿ ಓದಿ ಬಂದ ಪಿಎಚ್‌ಡಿ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಮಾಡುವ ಎರಡು ವಾರದ ಅಭ್ಯಾಸ ಸಿದ್ಧವಾಗುತ್ತಿದೆ. ಒಂದೇ ಗೆಡ್ಡೆಯ ಸ್ಲೈಡ್‌ನಿಂದ ಅದರ ಡಿಎನ್‌ಎ ಬದಲಾವಣೆಗಳ, ಅಂದರೆ ರೂಪಾಂತರಗಳ, ಪಟ್ಟಿಯವರೆಗೆ ಎಲ್ಲರೂ ಹೋಗಬೇಕು.

ತೊಡಕು ಪ್ಯಾರಫಿನ್ ಬ್ಲಾಕ್‌ಗಳದ್ದು, ಅಂದರೆ ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡುಗಳದ್ದು. ಫಾರ್ಮಲಿನ್‌ನಿಂದ ಡಿಎನ್‌ಎಯ ಸೈಟೊಸಿನ್ (ಸಿ) ಯುರಾಸಿಲ್ ಆಗುತ್ತದೆ. ಸೀಕ್ವೆನ್ಸಿಂಗ್‌ನಲ್ಲಿ (ಡಿಎನ್‌ಎ ಅಕ್ಷರ ಓದುವಾಗ) 'ಸಿ' ಜಾಗದಲ್ಲಿ 'ಟಿ' ಬರುತ್ತದೆ. ಯುಡಿಜಿ ಕಿಣ್ವ ಯುರಾಸಿಲ್ ತೆಗೆಯುತ್ತದೆ, ನಿಜ. ಆದರೆ ಮಿಥೈಲ್ ಅಂಟಿದ ಸೈಟೊಸಿನ್ ನೇರವಾಗಿ ಥೈಮಿನ್ (ಟಿ) ಆಗುವುದರಿಂದ ಸಿಪಿಜಿ ತಾಣಗಳ (ಸಿ ನಂತರ ಜಿ ಬರುವ ಜಾಗಗಳ) ತಪ್ಪು ಹಾಗೇ ಉಳಿಯುತ್ತದೆ. ಇತ್ತ ಗೆಡ್ಡೆಯ ಕೋಶಗಳು ಶೇ 20 ಇದ್ದರೆ, ಎರಡು ಪ್ರತಿಗಳಲ್ಲಿ ಒಂದರಲ್ಲಿರುವ ನಿಜವಾದ ರೂಪಾಂತರವೂ ಸುಮಾರು ಶೇ 10 ರೀಡ್‌ಗಳಲ್ಲಷ್ಟೇ (ಯಂತ್ರ ಓದಿದ ಡಿಎನ್‌ಎ ತುಣುಕುಗಳಲ್ಲಷ್ಟೇ) ಕಾಣುತ್ತದೆ. ಅಲ್ಲಿಗೆ ಗೆರೆ ಎಳೆದು ಕೆಳಗಿನದ್ದೆಲ್ಲ ತೆಗೆದರೆ ನಿಜವಾದದ್ದೂ ಹೋಗುತ್ತದೆ. ಸ್ಲೈಡ್ ಓದುವವರೂ ಕೋಡ್ ಬರೆಯುವವರೂ ಮಾತಾಡಲೇಬೇಕಾದ ಜಾಗ ಇದು. ಇಡೀ ತರಬೇತಿಯ ಜೀವಾಳವೇ ಇಲ್ಲಿದೆ.

ಎಚ್‌ಸಿಸಿ1395 ಸ್ತನ ಕ್ಯಾನ್ಸರ್ ಕೋಶಸಾಲಿನ ದತ್ತಾಂಶ, ಅದೇ ವ್ಯಕ್ತಿಯ ರಕ್ತಕೋಶಗಳದ್ದೂ ಸೇರಿ, ಮುಕ್ತವಾಗಿ ಸಿಗುತ್ತದೆ. ಆದರೆ ಕೋಶಸಾಲಿನಲ್ಲಿ ಸ್ಟ್ರೋಮಾ (ಗೆಡ್ಡೆಯ ಸುತ್ತಲಿನ ಆಧಾರ ಅಂಗಾಂಶ) ಇಲ್ಲ, ಲಿಂಫೊಸೈಟ್ (ರೋಗನಿರೋಧಕ ಬಿಳಿ ರಕ್ತಕೋಶ) ಇಲ್ಲ. ಹಾಗಾಗಿ ಗೆಡ್ಡೆಯ ಕೋಶಗಳು ಶೇಕಡಾ ಎಷ್ಟೆಂಬ ಅಂದಾಜು ಕಲಿಸಲಾಗದು.

ಬೇಕಿರುವುದು: ಒಂದೇ ರೋಗಿಯ ಎಚ್ ಅಂಡ್ ಇ (ಸಾಮಾನ್ಯ ಬಣ್ಣ ಹಾಕಿದ) ಸ್ಲೈಡ್ ಚಿತ್ರ, ಗೆಡ್ಡೆ ಮತ್ತು ರಕ್ತ ಎರಡರ ಫಾಸ್ಟ್‌ಕ್ಯೂ (ಸೀಕ್ವೆನ್ಸಿಂಗ್‌ನ ಕಚ್ಚಾ) ಫೈಲ್‌ಗಳು, ಬೋಧನೆಗೆ ಬಳಸಲು ಒಪ್ಪಿಗೆ. ರಕ್ತದ ಫೈಲ್ ಇರಲೇಬೇಕು: ಸಾರ್ವಜನಿಕ ದತ್ತಸಂಚಯಗಳಲ್ಲಿ ಭಾರತೀಯರು ಕಡಿಮೆ, ಆದ್ದರಿಂದ ಅದಿಲ್ಲದಿದ್ದರೆ ಹುಟ್ಟಿನಿಂದ ಬಂದ ರೂಪಾಂತರಗಳು ಗೆಡ್ಡೆಯವೆಂದು ಪಟ್ಟಿಗೆ ನುಗ್ಗುತ್ತವೆ. ಫಾರ್ಮಲಿನ್‌ನಲ್ಲಿ ಎಷ್ಟು ಗಂಟೆ ಇತ್ತೆಂಬ ದಾಖಲೆಯಿದ್ದರೆ ಇನ್ನೂ ಒಳ್ಳೆಯದು.

ಜತೆಗೆ, ವಿಸ್ತೀರ್ಣವನ್ನಲ್ಲ, ನ್ಯೂಕ್ಲಿಯಸ್‌ಗಳನ್ನು ಎಣಿಸಿ ಗೆಡ್ಡೆಯ ಕೋಶಗಳ ಶೇಕಡಾವಾರು ಅಂದಾಜು ಮಾಡುವುದನ್ನು ಆನ್‌ಲೈನ್‌ನಲ್ಲಿ ಎರಡು ಗಂಟೆ ಕನ್ನಡದಲ್ಲಿ ತೋರಿಸಬಲ್ಲ ಪೆಥಾಲಜಿಸ್ಟ್ ಇದ್ದರೆ ದಯವಿಟ್ಟು ತಿಳಿಸಿ.