‘ಹೋಮ್‌ಲೆಸ್’, ‘ಅಫೋರ್ಡಬಲ್ ಹೌಸಿಂಗ್’: ಕನ್ನಡದಲ್ಲಿ ಒಂದೊಂದೇ ಪದ ಸಾಕೇ?

ಗೆಳೆಯರೇ,

ನಗರಗಳ ವಸತಿ ಸಮಸ್ಯೆಯನ್ನು ಕುರಿತ ಒಂದು ಸಂಕಲನದ ಕನ್ನಡ ಅನುವಾದವನ್ನು ತಿದ್ದುತ್ತಿದ್ದೇನೆ. ಅರ್ಥಶಾಸ್ತ್ರಜ್ಞರು, ವೈದ್ಯರು, ವಕೀಲರು, ನಗರ ಯೋಜಕರು ಒಂದೊಂದು ಅಧ್ಯಾಯ ಬರೆದಿದ್ದಾರೆ. ಒಂದು ಪಾರಿಭಾಷಿಕ ಪದಕ್ಕೆ ಪುಸ್ತಕದುದ್ದಕ್ಕೂ ಒಂದೇ ಕನ್ನಡ ಪದವಿರಲಿ ಎಂಬುದು ಪ್ರಕಾಶಕರ ಹಟ. ‘ಹೋಮ್‌ಲೆಸ್’, ‘ಅಫೋರ್ಡಬಲ್’ ಈ ಎರಡರ ಮಟ್ಟಿಗೆ ಅದು ನಡೆಯುವುದಿಲ್ಲ ಎನ್ನುವುದು ನನ್ನ ವಾದ. ನೀವೇನು ಹೇಳುತ್ತೀರಿ?

ಮೊದಲು ‘ಹೋಮ್‌ಲೆಸ್’. ಕರಡಿನಲ್ಲಿ ನಿರಾಶ್ರಿತರು, ನಿರ್ಗತಿಕರು, ವಸತಿರಹಿತರು, ಸೂರಿಲ್ಲದವರು ಎಲ್ಲವೂ ಇವೆ. ‘ನಿರಾಶ್ರಿತ’ವನ್ನು ಮೊದಲೇ ಕೈಬಿಟ್ಟೆ. ಯುದ್ಧಕ್ಕೋ ದಂಗೆಗೋ ಹೆದರಿ ಗಡಿ ದಾಟಿ ಬಂದವರಿಗೆ ಪತ್ರಿಕೆಗಳು ಅದನ್ನು ಬಳಸಿ ಬಳಸಿ ಅರ್ಥ ಅಲ್ಲೇ ಗಟ್ಟಿಯಾಗಿದೆ. ಅಂಥವರನ್ನು ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದವೂ ಅದರ ಬೆನ್ನಿಗಿದೆ. ‘ನಿರ್ಗತಿಕ’ ಇನ್ನೂ ಕೆಟ್ಟದ್ದು. ಹಗಲೆಲ್ಲ ದುಡಿದು ರಾತ್ರಿ ಪಾದಚಾರಿ ಮಾರ್ಗದಲ್ಲಿ ಮಲಗುವವನಿಗೆ ಗತಿ ಇದೆ, ಮನೆ ಇಲ್ಲ, ಅಷ್ಟೇ.

ಉಳಿದವುಗಳಲ್ಲಿ ಯಾವುದು? ಇಲ್ಲಿ ಫೆಯಾಂಟ್ಸಾ ಎಂಬ, ಮನೆಯಿಲ್ಲದವರಿಗಾಗಿ ದುಡಿಯುವ ಯುರೋಪಿನ ಸಂಸ್ಥೆಗಳ ಒಕ್ಕೂಟದ ‘ಈಥೋಸ್’ ವರ್ಗೀಕರಣ ನೆರವಿಗೆ ಬರುತ್ತದೆ. ಅದರಲ್ಲಿ ನಾಲ್ಕು ಬಗೆ: ಬಯಲಲ್ಲಿ ಮಲಗುವವರು, ತಂಗುದಾಣದಲ್ಲೋ ಆಶ್ರಯಧಾಮದಲ್ಲೋ ತಾತ್ಕಾಲಿಕವಾಗಿ ಇರುವವರು, ಇಂದೋ ನಾಳೆಯೋ ಹೊರಬೀಳಬೇಕಾದವರು, ವಾಸಕ್ಕೆ ಯೋಗ್ಯವಲ್ಲದ ಜಾಗದಲ್ಲಿ ಇರುವವರು. ಮೊದಲ ಮೂರಕ್ಕೆ ನಮ್ಮಲ್ಲಿ ಪದಗಳು ಸಿದ್ಧವಾಗಿಯೇ ಇವೆಯಲ್ಲವೇ? ಸೂರಿಲ್ಲದವರು, ಮನೆಯಿಲ್ಲದವರು, ನೆಲೆಯಿಲ್ಲದವರು. ವೈದ್ಯರ ಅಧ್ಯಾಯದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಶಸ್ತ್ರಚಿಕಿತ್ಸೆಯಾದವನ ಬಿಡುಗಡೆ ಚೀಟಿಯಲ್ಲಿ ‘ಮನೆಯಲ್ಲಿ ವಿಶ್ರಾಂತಿ’ ಎಂದು ಬರೆದಿರುತ್ತದೆ. ಬೆಳಿಗ್ಗೆ ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕುವ ರಾತ್ರಿ ತಂಗುದಾಣದಲ್ಲಿ ಅವನಿಗೆ ಸೂರು ಸಿಕ್ಕಿದೆ. ಹಗಲು ಮಲಗಲು, ಗಾಯದ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಲು, ಇನ್ಸುಲಿನ್ ತಂಪಾಗಿಡಲು ಜಾಗವಿಲ್ಲ. ಅಲ್ಲಿ ‘ಸೂರಿಲ್ಲದವರು’ ಎಂದು ಬರೆದರೆ ವೈದ್ಯರ ವಾದವೇ ಬಿದ್ದುಹೋಗುತ್ತದೆ.

ತೊಡಕೂ ಇದೆ. ಭಾರತದ 2011ರ ಜನಗಣತಿ ಎಣಿಸಿದ ಸುಮಾರು 17.7 ಲಕ್ಷ ‘ಹೌಸ್‌ಲೆಸ್’ ಜನ ರಸ್ತೆ ಬದಿ, ದೊಡ್ಡ ಕೊಳವೆ, ಮೇಲ್ಸೇತುವೆಯ ಅಡಿ, ರೈಲು ನಿಲ್ದಾಣಗಳಲ್ಲಿ ಇರುವವರು. ಅಂದರೆ ಈಥೋಸ್‌ನ ಸೂರಿಲ್ಲದವರು. ಈಥೋಸ್‌ನಲ್ಲಿ ‘ಹೌಸ್‌ಲೆಸ್’ ಎಂದರೆ ತಂಗುದಾಣದವರು. ಒಂದೇ ಪುಟದಲ್ಲಿ ಎರಡೂ ಬಂದಾಗ ಅಡಿಟಿಪ್ಪಣಿ ಹಾಕದೆ ಗತ್ಯಂತರವಿಲ್ಲ ಅನ್ನಿಸುತ್ತದೆ.

ಅವರಿವರ ಮನೆಯಲ್ಲಿ ದಿನ ದೂಡುವವರಿಗೆ ‘ಹಂಗಿನ ವಾಸ’ ಎಂಬ ಪದ ಹೊಳೆಯಿತು. ಸೊಗಸಾಗಿದೆ, ಆದರೆ ಸಮೀಕ್ಷೆಯ ಕೋಷ್ಟಕದಲ್ಲಿ ಹಾಕುವಂತಿಲ್ಲ. ಉತ್ತರಿಸುವವನನ್ನು ಮೊದಲೇ ಹೀಯಾಳಿಸಿದಂತೆ.

ವಕೀಲರ ಅಧ್ಯಾಯ ಸಲೀಸು. 1991ರಲ್ಲಿ ವಿಶ್ವಸಂಸ್ಥೆಯ ಸಮಿತಿ ಸಮರ್ಪಕ ವಸತಿಗೆ ಹೇಳಿದ ಏಳು ಲಕ್ಷಣಗಳಲ್ಲಿ ಮೊದಲನೆಯದಕ್ಕೆ, ಅಂದರೆ ಇರುವ ಜಾಗದಿಂದ ಬಲವಂತವಾಗಿ ಹೊರಹಾಕದಂತೆ ಸಿಗುವ ಕಾನೂನಿನ ರಕ್ಷಣೆಗೆ, ಅನುವಾದಕರು ‘ಹಿಡುವಳಿ ಭದ್ರತೆ’ ಎಂದಿದ್ದರು. ಹೊಲದ ವಾಸನೆ ಬರುತ್ತದೆ. ‘ನೆಲೆಯ ಭದ್ರತೆ’ ಮಾಡಿದ್ದೇನೆ. ಅದೇ ಅಧ್ಯಾಯದಲ್ಲಿ ‘ಎವಿಕ್ಟ್’ಗೆ ಬಳಸಿದ ‘ಒಕ್ಕಲೆಬ್ಬಿಸು’ವಿಗೂ ಹೊಲದ ನಂಟಿದೆ ಎನ್ನುತ್ತೀರೇನೋ. ಇರಲಿ, ಅದು ಎಂದೋ ಪೇಟೆಗೆ ಬಂದು ಪಳಗಿದೆ.

ಇನ್ನು ‘ಅಫೋರ್ಡಬಲ್’. ಯೋಜನೆಗಳ ಜಾಹೀರಾತಿನಲ್ಲಿ ‘ಅಗ್ಗದ ಮನೆ’, ‘ಕಡಿಮೆ ವೆಚ್ಚದ ಮನೆ’ ಎಂದಿರುತ್ತದೆ. ಅಗ್ಗ ಎನ್ನುವುದು ಮನೆಯ ಗುಣ. ಅರ್ಥಶಾಸ್ತ್ರಜ್ಞರು ಹೇಳುತ್ತಿರುವುದು ಮನೆಗೂ ಅದರಲ್ಲಿರುವವರ ವರಮಾನಕ್ಕೂ ಇರುವ ಸಂಬಂಧವನ್ನು. ಅಮೆರಿಕದ ಸರ್ಕಾರಿ ವಸತಿಯಲ್ಲಿ 1969ರಲ್ಲಿ ಬಾಡಿಗೆಯ ಮಿತಿ ಆದಾಯದ ಶೇ 25 ಇತ್ತು, 1981ರಲ್ಲಿ ಶೇ 30ಕ್ಕೆ ಏರಿತು. ಆ ಶೇ 30 ಇಂದಿಗೂ ಅಳತೆಗೋಲು. ಇದನ್ನು ಒಪ್ಪದವರು ಬಾಡಿಗೆ ತೆತ್ತ ಮೇಲೆ ಊಟಕ್ಕೆ, ಔಷಧಕ್ಕೆ, ಮಕ್ಕಳಿಗೆ ಏನು ಉಳಿಯಿತು ನೋಡಿ ಎನ್ನುತ್ತಾರೆ. ನಗರ ಯೋಜಕರು ಪ್ರಯಾಣದ ಖರ್ಚನ್ನೂ ಕೂಡಿಸುತ್ತಾರೆ, ಏಕೆಂದರೆ ಊರಾಚೆಯ ಅಗ್ಗದ ಮನೆಯಲ್ಲಿ ಉಳಿದ ಬಾಡಿಗೆಯನ್ನು ಬಸ್ ತಿಂದುಹಾಕುತ್ತದೆ. ‘ಕೈಗೆಟುಕುವ’ ಈ ಸಂಬಂಧವನ್ನು ಹಿಡಿಯುತ್ತದೆ, ಆದರೆ ಭಾವನಾಮ ಮಾಡಹೊರಟರೆ ‘ಕೈಗೆಟುಕುವಿಕೆ’ ಎಂಬ ವಿಕಾರ ಹುಟ್ಟುತ್ತದೆ. ‘ಕೊಳ್ಳುವ ಶಕ್ತಿ’ ಬಾಡಿಗೆದಾರರಿಗೆ ಹೊಂದುವುದಿಲ್ಲ.

ನನ್ನ ಕಣ್ಣು ‘ಗಿಟ್ಟು’ ಧಾತುವಿನ ಮೇಲಿದೆ. ಕಟ್ಟುವವನೂ ‘ಆ ಬೆಲೆಗೆ ಗಿಟ್ಟುವುದಿಲ್ಲ’ ಎನ್ನುತ್ತಾನೆ, ಬಾಡಿಗೆಗೆ ಕೇಳಿದವನೂ ‘ನಮಗೆ ಗಿಟ್ಟುವುದಿಲ್ಲ’ ಎನ್ನುತ್ತಾನೆ. ನಿವೇಶನದ ಬೆಲೆ, ಸಾಮಗ್ರಿ, ಸಾಲದ ಬಡ್ಡಿ ಸೇರಿ ಒಬ್ಬನಿಗೆ ಗಿಟ್ಟುವ ದರ ಇನ್ನೊಬ್ಬನ ಸಂಬಳಕ್ಕೆ ಗಿಟ್ಟುವ ದರಕ್ಕಿಂತ ಮೇಲೆ ನಿಂತಿದೆ. ಆ ನಡುವಿನ ಅಂತರವನ್ನು ಯಾರು ತುಂಬಬೇಕು ಎಂಬುದೇ ಅರ್ಥಶಾಸ್ತ್ರಜ್ಞರ ಇಡೀ ಅಧ್ಯಾಯ. ‘ಗಿಟ್ಟುವ ವಸತಿ’ ಎಂದು ಬರೆದರೆ ಪ್ರಕಾಶಕರು ನಗುತ್ತಾರೆ, ಗೊತ್ತು. ಬಾಡಿಗೆ ಕೊಡುವವರ ಬಾಯಲ್ಲಿ ಈ ಪದವನ್ನು ನೀವು ಕೇಳಿದ್ದೀರಾ, ಇಲ್ಲ ‘ಪೂರೈಸುವುದಿಲ್ಲ’ ಎನ್ನುವುದೇ ಹೆಚ್ಚೇ? ಬಳಕೆಯ ವಾಕ್ಯ ಸಹಿತ ತಿಳಿಸಿದರೆ ಉಪಕಾರ.

ಮರೆತಿದ್ದೆ: 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ, 2008ರಿಂದ ಫಿನ್ಲೆಂಡ್ ರಾಷ್ಟ್ರೀಯ ನೀತಿಯಾಗಿಸಿಕೊಂಡ ‘ಹೌಸಿಂಗ್ ಫಸ್ಟ್’ಗೆ ಕರಡಿನಲ್ಲಿ ‘ವಸತಿ ಪ್ರಥಮ’ ಎಂದಿದೆ. ವಸತಿಗೃಹದ ನಾಮಫಲಕ ಓದಿದಂತಾಗುತ್ತದೆ. ಚಟ ಬಿಡು, ಕೆಲಸ ಹುಡುಕು ಎಂಬ ಷರತ್ತುಗಳಿಲ್ಲದೆ ಕೀಲಿಕೈ ಕೊಡುವ ಕ್ರಮಕ್ಕೆ ‘ಮೊದಲು ಮನೆ’ ಸಾಕಲ್ಲವೇ? ಆಕ್ಷೇಪವಿದ್ದರೆ ಕರಡು ಅಚ್ಚಿಗೆ ಹೋಗುವ ಮೊದಲೇ ತಿಳಿಸಿ.